ಎತ್ತಿನ ಹುರಳಿ, ಬೀಗರ ಬಟ್ಟಲು

ನನ್ನ ಮಗ ಇವತ್ತು ಪಡಸಾಲ್ಯಾಗ ಕುಣದುಬಿಟ್ಟ. ಐವತ್ತು ದಾಟಿದ ಮನಶಾ. ಬಾಗಲದಾಗ ಮೊದಲು ಅವನ ಹೊಟ್ಟಿ ಬರತೈತಿ, ಆಮ್ಯಾಲ ಅಂವ ಬರತಾನ. ಹಂತಾಂವ ದವಾಖಾನಿಯಿಂದ ಬಂದು, ಚಪ್ಪಲಿ ಬಿಡೂದರಾಗನ "ಯವ್ವಾ, ಕೊಲೆಸ್ಟ್ರಾಲು ಇಳದೈತಬೇ!" ಅಂತ ನನ್ನ ಎರಡೂ ಕೈ ಹಿಡದು ತಿರುಗಿಸಿದ. ನನ್ನ ಮೊಣಕಾಲು ತಿರುಗೂದು ಬಿಟ್ಟು ಭಾಳ ವರ್ಷ ಆತು. ಆದ್ರೂ ತಿರುಗಿದೆ. ಮಗನ ಖುಷಿಗೆ ಮೊಣಕಾಲಿನ ಅಪ್ಪಣಿ ಯಾಕ ಬೇಕು?

ಇದಕ್ಕೆಲ್ಲಾ ಕಾರಣ ನನ್ನ ಮೊಮ್ಮಗಳು. ಅಪ್ಪನ ಕೈಯಾಗಿನ ಚಿಪ್ಸಿನ ಚೀಲ ಕಸಗೊಂಡು, ಅದರ ಬದಲಿ ಹುರಿದ ಕಾಳಿನ ಪ್ಯಾಕೀಟು ಕೊಡಾಕತ್ತಾಳ, ತಿಂಗಳಾನಗಟ್ಟಲೆ. ಇವತ್ತು ನನ್ನ ಮುಂದನೂ ಒಂದು ಪ್ಯಾಕೀಟು ಅಲ್ಲಾಡಿಸಿದಳು. "ಅಜ್ಜೀ, ಇದು ಹೊಸಾ ತಿನಿಸು. ಮೈ ಭಾರ ಇದ್ದವರಿಗೆ ಚಲೋ. ನಿಮ್ಮ ಕಾಲಕ್ಕ ಇಂಥಾವೆಲ್ಲ ಇರಲಿಲ್ಲ, ತಿಂದು ನೋಡು." ಮಿರಿಮಿರಿ ಮಿಂಚೂ ಚೀಲ, ಅದರ ಮ್ಯಾಲ ಕೆಂಪು ಹೃದಯದ ಚಿತ್ರ. ಒಂದು ಕಾಳು ಬಾಯಾಗ ಹಾಕ್ಕೊಂಡೆ. ಹುರಳಿ! ನಮ್ಮ ಹುರಳಿ! ಎಷ್ಟು ನಕ್ಕೆನಂದ್ರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಳಚಿ ಉಡಿಯಾಗ ಬಿತ್ತು. ಮೊಮ್ಮಗಳು ಹೆದರಿ ನೀರು ತಂದಳು.

ಆಕಿಗೆ ಹೇಳಾಕ ಕುಂತ್ರ ಫೋನು ಬಂತಂತ ಎದ್ದು ಹೋದಳು. ಅದಕ್ಕ ನಿಮಗ ಬರದು ಹೇಳತೇನಿ. ನಾ ಕಲತಿದ್ದು ಮೂರನೇ ಇಯತ್ತೆ. ನನ್ನ ಅಕ್ಷರ ಅಂದ್ರ ಕೆಸರಾಗ ಕೋಳಿ ಅಡ್ಡಾಡಿದಂಗ ಇರತಾವು. ಆದ್ರ ಇಷ್ಟು ಸಂತೋಷ ಆದಾಗ ಸುಮ್ಮನ ಕುಂಡ್ರಾಕ ಆಗೂದಿಲ್ಲ, ಏನ ಮಾಡಲಿ?

ನನ್ನ ತವರು ಚಿಕ್ಕೇರೂರು, ಹಿರೇಕೆರೂರ ತಾಲೂಕು. ನಮ್ಮ ಮನ್ಯಾಗ ಹುರಳಿಗೆ ಒಂದು ಕಟ್ಟುನಿಟ್ಟು ಇತ್ತು. ದಿನಾ ಸಂಜಿಗೆ ದನದ ಮನಿ ಮುಂದ ದೊಡ್ಡ ಹಂಡೇದಾಗ ಹುರಳಿ ಕುದೀತಿತ್ತು. ಕುದ್ದ ನೀರು ಬಸದು ಅಡಗಿಮನಿಗೆ ತರತಿದ್ರು. ಅದಕ್ಕ ಬಳ್ಳೊಳ್ಳಿ, ಮೆಣಸು ಹಾಕಿ ಸಾರು ಮಾಡಿದ್ರ ಓಣಿ ತುಂಬ ವಾಸನಿ. ಆ ಸಾರು ಮನಶಾರಿಗೆ. ಉಳಿದ ಕಾಳು ಎತ್ತಿಗೆ. ಇದು ಯಾರು ಮಾಡಿದ ಕಾಯಿದೆನೋ ಗೊತ್ತಿಲ್ಲ, ಆದ್ರ ಹೊಲ ಮನಿ ಇದ್ದವರು ಯಾರೂ ಇದನ್ನ ದಾಟತಿರಲಿಲ್ಲ. ಸಾರು ಎಷ್ಟರ ಸುರಿ, ಕಾಳಿಗೆ ಕೈ ಹಚ್ಚಬ್ಯಾಡ. ಕಾಳು ತಿಂದ್ರ ಎತ್ತಿನ ಪಾಲು ತಿಂದಂಗ. ಅಂದ್ರ ಮನ್ಯಾಗ ಜ್ವಾಳ ತೀರೈತಿ ಅಂತ ಅರ್ಥ. ನಾವು ಹುಡುಗುರು ಮಾತ್ರ ಹಂಡೇದಾಗಿನ ಬಿಸಿ ಕಾಳು ಒಂದ ಮುಟಗಿ ಕದ್ದು, ಬೆಲ್ಲದ ಹಳಕು ಕೂಡಿಸಿ, ಎತ್ತಿನ ಬೆನ್ನ ಮರಿಗೆ ನಿಂತು ತಿಂತಿದ್ವಿ. ಎತ್ತು ತಿರುಗಿ ನೋಡಿದ್ರ ಮೈ ಜುಮ್ ಅನಸ್ತಿತ್ತು, ಮಾಸ್ತರು ನೋಡಿದಂಗ.

ಇನ್ನ ನಮ್ಮ ಅಪ್ಪ. ಊರಾಗ ಗೌಡ್ರು ಅಂತಿದ್ರು. ದಪ್ಪ ಅಂದ್ರ ಏನ ಕೇಳತೀರಿ! ಅಪ್ಪ ಹತ್ತಿ ಕುಂತ ಕಡೆ ಚಕ್ಕಡಿ ವಾಲತಿತ್ತು. ಇನ್ನೊಂದು ಬಾಜೂ ನಮ್ಮನ್ನೆಲ್ಲಾ ಒಟ್ಟಿ ಕುಂದರಿಸಿ ಸರಿ ಮಾಡತಿದ್ರು. ಹಾನಗಲ್ಲ ಮೋಟಾರಿನ ಕಂಡಕ್ಟರು ಅಪ್ಪನ್ನ ನೋಡಿದ ಕೂಡಲೆ ಬಾಜೂಕ ಸಣಕಲ ಮಂದೀನ ಹುಡುಕಿ ಕುಂದರಸ್ತಿದ್ದ. ಮಧ್ಯಾಹ್ನ ಅಪ್ಪ ಅಡ್ಡಾದ್ರ ಆ ಹೊಟ್ಟಿ ಮ್ಯಾಲ ತಲಿ ಇಟ್ಟು ನಾ ಮಲಗತಿದ್ದೆ. ಅಂಥಾ ದಿಂಬು ಆಮ್ಯಾಲ ಎಲ್ಲೂ ಸಿಗಲಿಲ್ಲ, ಸಿಗಬ್ಯಾಡ ಮತ್ತ. ಯಾಕಂದ್ರ ಆ ದಿಂಬಿನೊಳಗ ಏನು ತುಂಬಿತ್ತಂತ ನಮಗ ಆಗ ಗೊತ್ತಿರಲಿಲ್ಲ. ಸಂಜಿಕ್ಕ ಮಿರ್ಚಿ ಭಜಿ, ಮ್ಯಾಲ ಸವಣೂರಿನ ಖಾರಾ. ಖಾರಾನೂ ಕಡ್ಲಿದಲ್ಲೇನು, ಬ್ಯಾಳಿದಲ್ಲೇನು ಅಂತೀರಿ. ಹೌದು, ಆದ್ರ ಎಣ್ಣ್ಯಾಗ ಈಜಾಡಿ ಬಂದದ್ದು! ಯಾರರ ಸವಣೂರ ಕಡೆ ಹೊಂಟ್ರ ಅಪ್ಪ ಮುಂಜಾನೆಯಿಂದನ ಅವರಿಗೆ ಮರ್ಯಾದಿ ಕೊಡಾಕ ಸುರು ಮಾಡತಿದ್ದ.

ಒಂದು ಸುಗ್ಗಿಯಾಗ, ಕಣದಾಗ ರಾಶಿ ನೋಡಕೋತ ನಿಂತಾಂವ ಅಪ್ಪ ಎದಿ ಹಿಡಕೊಂಡು ಕುಸದು ಕುಂತ. ಮೈಯೆಲ್ಲ ಬೆವರು. ಹಾನಗಲ್ಲಿಗೆ ಕರಕೊಂಡು ಹೋದ್ರು. ಅಲ್ಲಿಯ ದಾಕ್ತರು ಅಪ್ಪನ ತೊಡಿಯಷ್ಟು ಇದ್ರು, ಆದ್ರ ದನಿ ಮಾತ್ರ ಪೋಲೀಸರದು.

"ಗೌಡ್ರ, ರಕ್ತದಾಗ ಕೊಬ್ಬು ಭಾಳ ಆಗೈತಿ. ಭಜಿ ಬಂದ್, ಖಾರಾ ಬಂದ್, ತುಪ್ಪ ಬಂದ್."

"ಮತ್ತ ಸಂಜಿಕ್ಕ ಬಾಯಾಗ ಏನ ಹಾಕ್ಕೊಳ್ಳಲ್ರಿ?"

"ಕುದಿಸಿದ ಕಾಳು ತಿನ್ರಿ."

"ಯಾವ ಕಾಳ್ರಿ?" ಅಂತ ಬಾಗಲದಾಗ ನಿಂತ ಅವ್ವ ಕೇಳಿದಳು.

"ಯಾವುದರ ಆಗಲಿ ತಾಯಿ, ಎಣ್ಣ್ಯಾಗ ಬಿಡಬ್ಯಾಡ್ರಿ ಅಷ್ಟ."

ಯಾವುದರ ಆಗಲಿ ಅಂದದ್ದ ತಡ, ಅವ್ವಗ ರಾಜ್ಯ ಸಿಕ್ಕಂಗಾತು. ಕಡ್ಲಿ ಕುದಿಸಿ ನೋಡಿದಳು. ಆ ವಾರ ಮನ್ಯಾಗ ಆದ ಗುಡುಗು ಸಿಡ್ಲಿನ ಸುದ್ದಿ ಬ್ಯಾಡ. ಅಲಸಂದಿ ಮಾಡಿದಳು. ಮಡಕಿ ಕಾಳು ನೆನಿಹಾಕಿ, ಹಸಿ ಬಟ್ಟ್ಯಾಗ ಗಂಟು ಕಟ್ಟಿ ಗೂಟಕ್ಕ ನೇತು ಹಾಕಿದಳು. ಮುಂಜಾನೆ ಎದ್ದು ಆ ಗಂಟು ಬಿಚ್ಚೂದಂದ್ರ ನನಗ ಹಬ್ಬ. ಕಾಳಿಗೆಲ್ಲ ಬೆಳ್ಳಗ ಬಾಲ ಬಂದಿರತಿದ್ದವು. ಆದ್ರ ಕಡೀಕ ನಿಂತದ್ದು ಹುರಳಿ. ದಿನಾ ಕುದ್ದು ತಯಾರ ಇರತಿತ್ತಲ್ಲ. ಎತ್ತಿಗೆ ಹೋಗೂದಕ್ಕಿಂತ ಮೊದಲ ಅವ್ವ ಒಂದು ಸವಟು ಎತ್ತಿ ಇಡತಿದ್ದಳು. ಅದಕ್ಕ ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಜಜ್ಜಿದ ಬಳ್ಳೊಳ್ಳಿ, ಒಂಚೂರು ಒಣ ಕೊಬ್ಬರಿ, ಮ್ಯಾಲ ನಿಂಬಿಹಣ್ಣಿನ ರಸ.

"ಇದು ನಮ್ಮ ಬಿಳಿ ಎತ್ತಿಂದಲ್ಲೇನ?" ಅಪ್ಪ ಬಟ್ಟಲ ನೋಡಿ ಕೇಳಿದ.

"ಹೌದು. ಅದನ್ನ ಕೇಳಿ ತಂದೇನಿ. ತಿನ್ರಿ ಸುಮ್ಮನ."

ಅಪ್ಪ ತಿಂದ. ಆದ್ರ ಮಂದಿ ನೋಡಿದ್ರ ಗೌಡಕಿ ಹೋಗತೈತಂತ ಅಡಗಿಮನಿ ಮೂಲ್ಯಾಗ, ಬಾಗಲಾ ಮುಂದ ಮಾಡಿಕೊಂಡು ತಿಂದ. ನನ್ನ ಕೆಲಸ ಬಾಗಲ ಕಾಯೂದು. ಯಾರರ ಬಂದ್ರ ನಾ ಕೆಮ್ಮಬೇಕು. ಅಪ್ಪ ಬಟ್ಟಲ ಬಚ್ಚಿಡಬೇಕು. ಒಂದ ಸಲ ನನಗ ಖರೇನ ನೆಗಡಿ ಆಗಿ ಕೆಮ್ಮು ಬಂತು. ನಾ ಕೆಮ್ಮಿದಾಗೊಮ್ಮೆ ಅಪ್ಪ ಬಟ್ಟಲ ಒಲಿ ಹಿಂದ ಇಟ್ಟ, ತಗದ, ಇಟ್ಟ, ತಗದ. ಕಡೀಕ ಸಿಟ್ಟು ಬಂದು, "ಗಿರಿಜವ್ವಾ, ಬೂದಿ ಕೂಡಿಸಿ ತಿನ್ನಸ್ತೀಯೇನ ನನಗ?" ಅಂತ ಒದರಿದ.

ನಾಕು ಕಾಲ ಹಿಂಗ ನಡೀತು. ಅಪ್ಪನ ಅಂಗಿ ಸಡ್ಲಾತು. ಚಕ್ಕಡಿ ವಾಲೂದು ಬಿಟ್ಟಿತು. ಹೊಲಕ್ಕ ನಡಕೋತ ಹೋಗಿ ನಡಕೋತ ಬರಾಕ ಹತ್ತಿದ. ನಮಗ ಆನಂದ. ಊರಿಗೆ ಮಾತ್ರ ಸಂಶೆ. ಆಗಿನ ಕಾಲಕ್ಕ ಹೊಟ್ಟಿ ಅಂದ್ರ ಮನಿ ಮುಂದಿನ ಬಣವಿ ಇದ್ದಂಗ; ಅದು ಕರಗಿದ್ರ ಒಳಗಿಂದೂ ಕರಗೇತಿ ಅಂತಿದ್ರು.

ಅದ ಹೊತ್ತಿಗೆ ನನಗ ಸವಣೂರಿನ ಸಂಬಂಧ ಬಂತು. ವೀಳ್ಯದೆಲಿ ಬಳ್ಳಿ ತೋಟ ಇದ್ದ ಮನಿ, ಊರಾಗ ಸಾವ್ಕಾರ್ರು ಅಂತ ಹೆಸರು. ವರ ತಂದೆಯ ಜೋಡಿ ಬಂದು ನನ್ನ ನೋಡಿ ಹೋದ. ನಾ ತಲಿ ಎತ್ತಿದ್ದು ಒಂದ ಸಲ, ಕಂಡಿದ್ದು ಅವನ ಒಂದು ಕಿವಿ. ಆ ಕಿವಿ ನನಗ ಭಾಳ ಸೇರಿತು. ನಗಬ್ಯಾಡ್ರಿ. ಆಮ್ಯಾಲ ಪೂರಾ ಮನಶಾ ಸಿಕ್ಕಾಗ ಕಿವಿಗೆ ತಕ್ಕಂಗನ ಇದ್ದ, ನಾ ಹೇಳಿದ್ದೆಲ್ಲಾ ಕೇಳಿಸಿಕೊಂತಿದ್ದ.

ಹುಡುಗಿ ಒಪ್ಪಿಗಿ ಆದ ಮ್ಯಾಲ ನಮ್ಮ ಮನಿತನ ನೋಡಾಕ ಒಬ್ಬಾಕಿ ಬಂದಳು. ವರನ ತಂದೆಯ ಅಕ್ಕ, ಮುಂದ ನನಗ ದೊಡ್ಡತ್ತಿ. ಗಂಡ ತೀರಿದ ಮ್ಯಾಲ ತವರಿಗೆ ಬಂದು, ಮನಿ ಕೀಲಿಗೊಂಚಲ ಸೊಂಟಕ್ಕ ಸಿಗಿಸಿಕೊಂಡಾಕಿ. ಹಗೇವು ಎಲ್ಲಿ ಐತಿ ಅಂತ ಕೇಳಿ ಜ್ವಾಳ ತುಂಬಿದ ಆ ನೆಲದೊಳಗಿನ ಗುಂಡಿ ಮ್ಯಾಲ ಕಾಲಿಂದ ಬಡದು ನೋಡಿದಳು. ಎತ್ತಿನ ಹಲ್ಲು ನೋಡಿದಳು. ಬಾವಿಗೆ ಬಗ್ಗಿದಳು. ಸಂಜೀ ಹೊತ್ತು, ನಮ್ಮ ಅವ್ವ ಹಿತ್ತಲಕ್ಕ ಹೋದದ್ದ ನೋಡಿ, "ನೀರು ಕುಡೀತೇನಿ" ಅಂತ ಸೀದಾ ಅಡಗಿಮನಿಗೆ ಬಂದಳು.

ನಾ ಬಾಗಲದಾಗ ಇದ್ದೆ. ಕೆಮ್ಮಿದೆ. ಆಕಿ ನಿಂದರಲಿಲ್ಲ. ಮತ್ತ ಕೆಮ್ಮಿದೆ. ಅಪ್ಪ ಆವತ್ತ ತಿನ್ನೂದರಾಗ ಮೈ ಮರತಿದ್ದ. ನಾ ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಬರೂಹಂಗ ಕೆಮ್ಮಿದೆ. ದೊಡ್ಡತ್ತಿ ನನ್ನ ದುರುದುರು ನೋಡಿ, ಬಾಗಲಾ ನೂಕಿದಳು. ಒಳಗ ನಮ್ಮ ಗೌಡ್ರು ಮೂಲ್ಯಾಗ ಕುಂತು ಎತ್ತಿನ ಹುರಳಿ ತಿನ್ನಾಕತ್ತಿದ್ರು. ಬಾಯಿ ತುಂಬ ಇತ್ತು, "ಬರ್ರಿ" ಅನ್ನಾಕನೂ ಬರಲಿಲ್ಲ.

ನೀರು ಕುಡೀಲಾರದನ ಹೋದಳು.

ಸಂಬಂಧ ತಂದಿದ್ದ ಮಧ್ಯಸ್ಥ ಮುಂದಿನ ವಾರ ಬಂದು ಕಟ್ಟಿ ಮ್ಯಾಲ ಕುಂತ. ಚಾ ಕೊಟ್ರ ಅದನ್ನ ನೋಡಕೋತ ಹೇಳಿದ. "ಅವರು ಮುಂದುವರಿಯೂದಿಲ್ಲ ಅಂತಾರ್ರಿ ಗೌಡ್ರ. ಮನಿ ಇಳದೈತಂತ, ನೀವು ಎತ್ತಿನ ಪಾಲಿನ ಕಾಳು ತಿಂತೀರಂತ, ಮೈ ಸೊರಗೇತಂತ. ಮ್ಯಾಲ..." ನನ್ನ ಕಡೆ ನೋಡಿ ದನಿ ಇಳಿಸಿದ, "ಹುಡುಗಿಗೂ ಕೆಮ್ಮು ಐತಂತ."

ಆಗಿನ ಕಾಲಕ್ಕ ಕೆಮ್ಮು ಅಂದ್ರ ಕ್ಷಯ. ಆ ಮಾತು ಹಿರೇಕೆರೂರ ಸಂತಿಗೆ ಹೋತಂದ್ರ, ಹಾನಗಲ್ಲ, ಶಿಗ್ಗಾಂವಿ ಎಲ್ಲಾ ಕಡೆ ನನ್ನ ಬಾಗಲಾ ಮುಚ್ಚಿದಂಗ.

ಅಪ್ಪ ಒಳಗ ಬಂದು ಅವ್ವಗ ಅಂದ. "ನಾಳೆಯಿಂದ ಎಣ್ಣಿ ಬಾಣಲಿ ಇಡು. ಭಜಿ ಕರಿ, ತುಪ್ಪ ಹಾಕು. ಮದಿವಿ ಆಗೂಮಟ ನಾ ಮೊದಲಿನಂಗ ದಪ್ಪ ಆಗತೇನಿ. ಮಂದಿ ಬಾಯಿ ಮುಚ್ಚಲಿ. ಆಮ್ಯಾಲ ಇದ್ರ ಇದ್ದೆ, ಹೋದ್ರ ಹೋದೆ."

ಅವ್ವ ರೊಟ್ಟಿ ಬಡೀತಿದ್ದಳು. ಬಡಿಯೂದು ನಿಂದರಸಲಿಲ್ಲ. "ಮಗಳ ಮದಿವಿಗೆ ಅಪ್ಪ ಬೇಕು. ಹೊಟ್ಟಿ ಅಲ್ಲ."

"ಮತ್ತ ಏನ ಮಾಡತಿ?"

"ಏನೂ ಇಲ್ಲ. ಕದ್ದು ತಿಂದದ್ದಕ್ಕ ಹಿಂಗಾತು. ನಾಳೆ ಹೇಳಿ ತಿನ್ನೂಣು."

ಮರದಿವಸ ಅವ್ವ ಒಂದು ಹಿತ್ತಾಳಿ ಡಬ್ಬಿ ತುಂಬ ಹುರಳಿ ಉಸುಳಿ ಮಾಡಿ, ಡಬ್ಬಿ ಅಪ್ಪನ ಕೈಯಾಗ ಕೊಟ್ಟು, ಇಬ್ಬರೂ ಹಾನಗಲ್ಲಿಗೆ ಹೋಗಿ ಅಲ್ಲಿಂದ ಮೋಟಾರು ಹತ್ತಿದ್ರು. ಹೆಣ್ಣಿನ ತಾಯಿ ಕರೀಲಾರದ ಗಂಡಿನ ಮನಿಗೆ ಹೋಗೂದು ನಮ್ಮ ಕಡೆ ಯಾರೂ ಕೇಳಿದ್ದಿಲ್ಲ. ಅಲ್ಲಿ ನಡೆದದ್ದನ್ನ ನಾ ಕಣ್ಣಿಂದ ನೋಡಿಲ್ಲ. ಆದ್ರ ಈ ಕಡೆಯಿಂದ ಅವ್ವ ಹೇಳಿ, ಆ ಕಡೆಯಿಂದ ವರನ ತಾಯಿ, ನನ್ನ ಅತ್ತಿ ಹೇಳಿ, ನನಗ ನೋಡಿದವರಿಗಿಂತ ಚಂದ ಗೊತ್ತೈತಿ.

ವರನ ತಂದೆ ಸಾವ್ಕಾರ್ರು ಗಾದಿ ಮ್ಯಾಲ ಲೋಡಿಗೆ ಆತು ಕುಂತಿದ್ರಂತ. ಅವರು ನಮ್ಮ ಅಪ್ಪ ಮೊದಲು ಹೆಂಗಿದ್ನೋ ಅದಕ್ಕಿಂತ ಒಂದ ಕೈ ಮ್ಯಾಲ. ಎದ್ದು ನಿಂದರಬೇಕಂದ್ರ ಯಾರರ ಕೈ ಕೊಡಬೇಕು. ತಾಟಿನ್ಯಾಗ ಖಾರಾ ಬಂತು. ಅಪ್ಪ ಅದನ್ನ ನೋಡಿದ ನೋಟ ಅವ್ವ ಸಾಯೂತನಕ ಆಡಿ ತೋರಿಸ್ತಿದ್ದಳು. ಕಳದ ಕರಾ ಕಂಡ ಆಕಳ ನೋಡಿದಂಗ. ಅಪ್ಪ ಮುಟ್ಟಲಿಲ್ಲ. ಅವ್ವ ಮಾತ್ರ, "ನನಗೇನು ದಾಕ್ತರು ಬ್ಯಾಡ ಅಂದಿಲ್ಲ" ಅಂತ ತನ್ನ ಪಾಲಿಂದು ಪೂರಾ ತಿಂದಳಂತ.

"ಗೌಡ್ರ, ಸಿಟ್ಟಾಗಬ್ಯಾಡ್ರಿ. ನಮ್ಮ ಅಕ್ಕ ಹೇಳಿದ್ದು ಖರೇ ಏನು?"

ಅಪ್ಪ ನೆಲ ನೋಡಿದ. ಅವ್ವ ಸೆರಗು ಸರಿ ಮಾಡಿಕೊಂಡು ತಾನ ಹೇಳಿದಳು. "ಖರೇ ಐತ್ರಿ ಅಣ್ಣಾರ. ಇವರಿಗೆ ಎದಿನೋವು ಬಂದಿತ್ತು, ದಾಕ್ತರು ಕಾಳು ತಿನ್ನು ಅಂದ್ರು. ಹಗೇವು ತುಂಬ ಜ್ವಾಳ ಐತಿ, ಬಂದು ತಗಿಸಿ ನೋಡ್ರಿ. ಹುಡುಗಿಗೆ ಕೆಮ್ಮಿಲ್ಲ, ಅಪ್ಪನ ಕಾವಲಕ್ಕ ಕೆಮ್ಮಿದಳು. ಡಬ್ಬ್ಯಾಗ ಹುರಳಿ ತಂದೇನಿ. ನೀವೂ ತಿನ್ರಿ."

"ನಾನು? ಎತ್ತಿಂದು?" ಸಾವ್ಕಾರ್ರು ನಗಾಕ ಸುರು ಮಾಡಿದ್ರು. ನಕ್ಕರು, ನಕ್ಕರು, ಆ ನಗಿ ನಡುವ ಉಸಿರು ಸಿಗಲಾರದಂಗಾತು. ಮುಖ ಕೆಂಪಾಗಿ, ಎದಿ ಮ್ಯಾಲ ಕೈ ಇಟಗೊಂಡ್ರು. ಒಳಗಿಂದ ಅವರ ಹೆಂಡತಿ ನೀರಿನ ತಂಬಿಗಿ ಹಿಡಕೊಂಡು ಓಡಿ ಬಂದಳು. ಅಪ್ಪ ತಾನ ಎದ್ದು ಅವರ ಬೆನ್ನ ತಿಕ್ಕಿದ. "ನನಗೂ ಹಿಂಗ ಆಗತಿತ್ರಿ," ಅಂದನಂತ, ಮೆತ್ತಗ.

ಸಾವ್ಕಾರ್ರು ಉಸಿರು ಹಿಡಕೊಂಡು ಅಪ್ಪನ ಮೈ ಮ್ಯಾಲಿಂದ ಕೆಳಗಿನತನಕ ನೋಡಿದ್ರಂತ. "ಈಗ ಆಗೂದಿಲ್ಲೇನು?"

"ಮೋಟಾರ ಸ್ಟ್ಯಾಂಡಿನಿಂದ ನಡಕೋತ ಬಂದೇನ್ರಿ."

ಆ ಹೊತ್ತಿಗೆ ಅತ್ತಿ ನಮ್ಮ ಅವ್ವನ ಕೈ ಹಿಡದು ಅಡಗಿಮನಿಗೆ ಎಳಕೊಂಡು ಹೋಗಿ ಬಾಗಲಾ ಹಾಕಿದಳಂತ. "ಅಕ್ಕಾರ, ನಮ್ಮವರಿಗೂ ದಾಕ್ತರು ಇದನ್ನ ಹೇಳ್ಯಾರ್ರಿ. ಮಂದಿ ನಗತಾರಂತ ನಾ ಧೈರ್ಯ ಮಾಡಲಿಲ್ಲ. ನಿಮ್ಮ ಹುಡುಗಿಗೆ ಇದನ್ನ ಮಾಡಾಕ ಬರತೈತೇನ್ರಿ?"

"ಅಯ್ಯ, ಬರೂದಿಲ್ಲೇನು? ನನಗಿಂತ ಚಲೋ ಮಾಡತಾಳ."

ಇಂಥಾ ಸುಳ್ಳು ನಮ್ಮ ಅವ್ವ ಜನ್ಮದಾಗ ಆಡಿರಲಿಕ್ಕಿಲ್ಲ. ನನಗ ಆಗ ನೀರು ಕಾಸಿದ್ರ ನೀರೂ ಸೀದು ಹೋಗತಿತ್ತು! ಅವರು ತಿರುಗಿ ಬಂದ ದಿನದಿಂದ ಅವ್ವ ನನ್ನ ಒಲಿ ಮುಂದ ಕಟ್ಟಿ ಹಾಕಿದಳು. ಕಾಳು ಒಡೀಬಾರದು, ಗಟ್ಟಿನೂ ಇರಬಾರದು, ಎರಡು ಬೆರಳಿನ ನಡುವ ಹಿಚಕಿದ್ರ ಬೆಣ್ಣಿಯಂಗ ಇರಬೇಕು. ನಾ ಕೆಡಿಸಿದ್ದನ್ನೆಲ್ಲಾ ನಮ್ಮ ಬಿಳಿ ಎತ್ತು ತಿಂತು. ಮದಿವಿ ಹೊತ್ತಿಗೆ ನನಗಿಂತ ಅದು ಚಂದ ಕಾಣತಿತ್ತು.

ಮದಿವಿ ಆತು. ಮಾವಗ ಉಸುಳಿ ಮಾಡೂದು ನನ್ನ ಪಾಲಿಗೆ ಬಂತು. ಮಾವ ತಿಂದ್ರು, ಆದ್ರ ಅವರೂ ನಮ್ಮ ಅಪ್ಪನಂಗ, ಒಳಗಿನ ಖೋಲಿಯೊಳಗ, ಬಾಗಲಾ ಹಾಕ್ಕೊಂಡು. ದೊಡ್ಡತ್ತಿ ಈ ಸಂಬಂಧ ಬ್ಯಾಡಂತ ಕಡೀತನಕ ಹೇಳಿದಾಕಿ. ಆಕಿ ಮಾತು ನಡೀಲಿಲ್ಲ, ಆ ಸಿಟ್ಟು ನನ್ನ ಮ್ಯಾಲ. ನನ್ನ ಹೆಸರ ಹಿಡದು ಕರದದ್ದ ಇಲ್ಲ. "ಏ ಎತ್ತಿನ ಮನ್ಯಾಕೀ, ಕೊಡಾ ತಗೊಂಡು ಬಾ." "ಏ ಎತ್ತಿನ ಮನ್ಯಾಕೀ, ನಿಮ್ಮ ಮಾವ ಮೇಯಾಕ ಕುಂತಾನ, ಬಾಗಲಾ ಹಾಕು." ಬಂದವರ ಮುಂದನೂ ಹಂಗ. ಅವರು ನಗತಿದ್ರು. ನಾ ಹಿತ್ತಲದಾಗ ಹೋಗಿ ಹುರಳಿ ತೊಳಕೋತ ಅಳತಿದ್ದೆ. ಗಂಡ ಬಂದು, "ಸೋದರತ್ತಿಗೆ ಏನರ ಅನ್ನಲೇನು?" ಅಂದ್ರ ಬ್ಯಾಡ ಅಂದೆ. ಅಂವ ಅಂದ್ರ ಮಾತು ಒಂದಕ್ಕ ಎರಡು ಆಗತಿತ್ತು. ಹುರಳಿ ಹೆಸರಿನ್ಯಾಗ ಬಂದೇನಿ, ಹುರಳಿನ ನನ್ನ ಮರ್ಯಾದಿ ಕಾಯಬೇಕು. ಇಲ್ಲಾಂದ್ರ ಜನ್ಮ ಎಲ್ಲಾ ಎತ್ತಿನ ಮನ್ಯಾಕಿ ಅನಿಸಿಕೊಂಡು ಇರಬೇಕು. ಹಠಕ್ಕ ಬಿದ್ದು ಮಾಡಿದೆ. ಒಂದ ದಿನ ಮಡಕಿ, ಒಂದ ದಿನ ಅವರಿಕಾಳು, ಮತ್ತ ಹುರಳಿ. ಉಪ್ಪು ಕಡಿಮಿ ಅಂತ ಮಾವ ಗೊಣಗತಿದ್ರು, ಬಟ್ಟಲ ಮಾತ್ರ ತೊಳದಂಗ ತಿರುಗಿ ಬರತಿತ್ತು.

ಮಳಿಗಾಲ ಹೋಗಿ ಚಳಿ ಬಿದ್ದಿತ್ತು. ಒಂದಿನ ಮಧ್ಯಾಹ್ನ ಮಾವ ಮನ್ಯಾಗ ಕಾಣವಲ್ರು. ಚಕ್ಕಡಿ ಅಲ್ಲೇ ಐತಿ, ಎತ್ತು ಅಲ್ಲೇ ಅದಾವು. ಅತ್ತಿ ಗಾಬರಿ ಆದಳು. ಗಂಡ ಹುಡುಕಾಕ ಹೊಂಟ. ಸಂಜಿಗೆ ಮಾವ ತಾವ ಬಂದ್ರು, ಹೆಗಲ ಮ್ಯಾಲ ಎಲಿ ಬಳ್ಳಿ ತೋಟದ ಹಸಿ ಎಲಿ ಕಟ್ಟು ಇಟಗೊಂಡು. ಎಷ್ಟೋ ವರ್ಷದಿಂದ ಚಕ್ಕಡಿ ಬಿಟ್ಟು ಆ ತೋಟಕ್ಕ ಹೋಗಿರಲಿಲ್ಲ. ಬದುವಿನ ಮ್ಯಾಲ ನಡದು, ಬಳ್ಳಿ ಬಳ್ಳಿ ನೋಡಿ, ಆಳಿನ ಜೋಡಿ ಜಗಳಾ ಮಾಡಿ ಬಂದಿದ್ರು. ಬೆವತಿದ್ರು, ಆದ್ರ ತೇಕತಿರಲಿಲ್ಲ.

ಒಳಗ ಬರಲಿಲ್ಲ. ಓಣಿ ಕಡೆ ಮುಖ ಮಾಡಿ ಹೊರಗಿನ ಕಟ್ಟಿ ಮ್ಯಾಲ ಕುಂತು, ಇಡೀ ಓಣಿಗೆ ಕೇಳೂಹಂಗ ಒದರಿದ್ರು. "ತಂಗೀ, ನನ್ನ ಹುರಳಿ ಬಟ್ಟಲ ಇಲ್ಲೇ ತಾ!"

ಓಣಿ ತುಂಬ ಮಂದಿ. ನಾ ಬಟ್ಟಲ ಹಿಡಕೊಂಡು ಹೊಸ್ತಿಲದಾಗ ನಿಂತೆ. ಹೊಸಾ ಸೊಸಿ ಹೊರಗಿನ ಕಟ್ಟಿಗೆ ಕಾಲು ಇಡಬಾರದು. ಒಳಗ ಬರ್ರಿ ಅಂತ ಮಾವಗ ಹೇಳೂಹಂಗಿಲ್ಲ. ಹಿಂದ ದೊಡ್ಡತ್ತಿ ಸೊಂಟದ ಮ್ಯಾಲ ಕೈ ಇಟಗೊಂಡು ನಿಂತಿದ್ದಳು. "ಒಳಗ ಬಾರೋ, ಮಂದಿ ನೋಡಾಕತ್ಯಾರ," ಅಂದಳು.

"ನೋಡಲಿ. ತೋಟಕ್ಕ ನಡದು ಹೋಗಿ ಬಂದೇನಿ. ಕದ್ದು ತಿನ್ನೂದು ಸಾಕಾತು, ಅಕ್ಕ. ಎದಿ ಹಗುರ ಆಗೇತಿ."

ದೊಡ್ಡತ್ತಿ ತಮ್ಮನ ಮುಖ ನೋಡಿದಳು. ಹೋದ ವರ್ಷ ಅದ ತಮ್ಮಗ ಉಸಿರು ಸಿಗಲಾರದಾಗ ಇಡೀ ದಿನ ಬಾಜೂಕ ಕುಂತು ಗಾಳಿ ಬೀಸಿದಾಕಿ ಆಕಿನ ಅಂತ ಅತ್ತಿ ನನಗ ಹೇಳಿದ್ದಳು. ಆಕಿ ಕಣ್ಣು ಒದ್ದಿ ಆದವು. ಸೆರಗಿಂದ ವರಸಿಕೊಂಡು, ನನ್ನ ಕೈಯಾಗಿನ ಬಟ್ಟಲ ಕಸಗೊಂಡು, ಹೊಸ್ತಿಲ ದಾಟಿ, ಓಣಿ ಎದುರಿಗೆ ತಮ್ಮನ ಮುಂದ ಅದನ್ನ ಇಟ್ಟಳು. ಕೀಲಿಗೊಂಚಲ ಝಲ್ ಅಂತು.

ಎದುರುಮನಿ ಹೆಣ್ಣುಮಗಳು ಕಸಬರಗಿ ಹಿಡಕೊಂಡಾಕಿ ನಗಕೋತ ಕೇಳಿದಳು. "ಏನ ತಂದಿ ಯಕ್ಕಾ, ಬಟ್ಟಲ ತುಂಬ?"

"ಹುರಳಿ!" ದೊಡ್ಡತ್ತಿ ದನಿ ಓಣಿ ತುದಿಗೆ ಮುಟ್ಟಿತು. "ಎತ್ತಿಗೆ ಹಾಕತೇವಲ್ಲ, ಅದ. ನಮ್ಮ ಗಿರಿಜವ್ವ ಮಾಡ್ಯಾಳ. ಯಾಕ, ನಿನಗೂ ಬೇಕೇನು? ಬಟ್ಟಲ ತಗೊಂಡು ಬಾ."